ಮರಳಿನ ನೀರು

ಐದು ಕಿಲೋ ಇಟ್ಟಿಗೆ, ತೆಂಗಿನ ನಾರಿನ ಪುಡಿಯದು,
ತಿಪಟೂರಿನಿಂದ ಲಾರಿಯಲ್ಲಿ ಬಂದದ್ದು.
ಟಬ್ಬಿಗಿಟ್ಟು ನೀರು ಹೊಯ್ದರೆ
ಬಾಣಂತಿ ಹಸಿವು, ಎಷ್ಟು ಹೊಯ್ದರೂ ಇನ್ನೂ ಅನ್ನುತ್ತದೆ.
ಉಬ್ಬಿ, ಬಿರಿದು, ಅಂಚು ದಾಟಿ
ಲಗ್ಗೆರೆಯ ನಮ್ಮ ತಾರಸಿಗೆಲ್ಲ ಚಹಾದ ಬಣ್ಣ.

ಮೂರು ಸಲ ತೊಳೀರಿ ಅಂದಿದ್ದ
ಸಿದ್ದಾಪುರದ ನರ್ಸರಿಯ ಜಬೀವುಲ್ಲಾ.
ಉಪ್ಪಿರುತ್ತೆ ಅಕ್ಕಾ, ನಾಲಿಗೆಗೆ ಗೊತ್ತಾಗಲ್ಲ,
ಬೇರಿಗೆ ಗೊತ್ತಾಗುತ್ತೆ.
ತೊಳೆದೆ. ಮೂರಲ್ಲ, ನಾಲ್ಕು ಸಲ.
ಕಾವೇರಿ ಬರುವುದು ಮಂಗಳವಾರ, ಶುಕ್ರವಾರ;
ಲೆಕ್ಕ ಹಾಕಿದರೆ ಒಂದು ಸೌತೆಕಾಯಿಗೆ
ಎರಡು ಕೊಡ ನೀರು ಬರೀ ತೊಳೆಯುವುದಕ್ಕೇ ಹೋಗಿದೆ.

ಆದರೂ ಗಿಡ ನಿಲ್ಲಲಿಲ್ಲ.
ಸೌತೆ ಎಲೆಯ ಮೇಲೆ ಬೂದಿರೋಗ,
ಯಾರೋ ಮೈದಾ ಜರಡಿ ಹಿಡಿದ ಹಾಗೆ.
ಟೊಮೇಟೊ ಅಂತೂ
ಪೀಣ್ಯದ ಕಡೆಯಿಂದ ಒಂದು ಗಾಳಿ ಬಂದರೆ ಸಾಕು,
ಕುಂಡದಾಚೆ ಸಾಷ್ಟಾಂಗ.

ಮಣ್ಣಲ್ಲಾದರೆ ಮರಳಿರುತ್ತೆ, ನಾರಲ್ಲೇನಿದೆ?
ಮೆತ್ತಗಿದೆ, ಅಷ್ಟೇ. ಎಲುಬು ಯಾರು ಕೊಡಬೇಕು?
ಎಂದು ಒಂದು ಸೀಸೆ ಎತ್ತಿಕೊಟ್ಟ.
ಸಿಲಿಕಾ. ಲೀಟರಿಗೆ ಅರ್ಧ ಎಂ.ಎಲ್.
ನೀರಿಗೆ ಮೊದಲು ಇದು, ಚೆನ್ನಾಗಿ ಕಲಕಿ, ಆಮೇಲೆ ಗೊಬ್ಬರ.
ಹಿಂದುಮುಂದಾಯಿತೋ, ಹಾಲು ಒಡೆದ ಹಾಗೆ ಒಡೆಯುತ್ತೆ.

ಪರ್ಸು ತೆಗೆಯುತ್ತಿದ್ದ ಕೈ ಅಲ್ಲೇ ನಿಂತಿತು.

ಆ ಪದ ನಮ್ಮ ಮನೆಗೆ ಹೊಸದಲ್ಲ.
ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ,
ಇ.ಎಸ್.ಐ. ಆಸ್ಪತ್ರೆಯ ಕಂದು ಲಕೋಟೆಯಲ್ಲಿದೆ.
ಇಪ್ಪತ್ತೆರಡು ವರ್ಷ ಇವರು ಫೌಂಡ್ರಿಯಲ್ಲಿ
ಎರಕದ ಕಬ್ಬಿಣಕ್ಕೆ ಮರಳು ಹೊಡೆದರು,
ಮೂಗಿಗೊಂದು ಚೌಕಳಿ ಟವೆಲು ಸುತ್ತಿ.
ಸಂಜೆ ಬಾಗಿಲಲ್ಲಿ ನಿಂತರೆ ಹುಬ್ಬೆಲ್ಲ ಬೆಳ್ಳಗೆ;
ತಾತ ಬಂದ, ತಾತ ಬಂದ, ಎಂದು ಮಗಳು ಕುಣಿಯುತ್ತಿದ್ದಳು.
ಅಂಗಿ ಒದರಿದರೆ ಬಚ್ಚಲ ಬಿಸಿಲುಕೋಲಿನಲ್ಲಿ
ಸಣ್ಣ ಮಿಣುಕು. ಚೆಂದ ಅಂದುಕೊಂಡಿದ್ದೆ.
ಆಮೇಲೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು
ಡಾಕ್ಟರು ಪೆನ್ನಿನ ತುದಿಯಲ್ಲಿ ತೋರಿಸಿದ್ದೂ
ಅದೇ ಮಿಣುಕನ್ನು.

ತಾರಸಿಗೆ ಹದಿನೆಂಟು ಮೆಟ್ಟಿಲು.
ಒಂಬತ್ತರಲ್ಲಿ ಇವರಿಗೊಂದು ಸ್ಟೂಲು ಹಾಕಿದ್ದೇನೆ.

ಹದಿನೈದು ದಿನ ಸೀಸೆ ಕಿಟಕಿಯಲ್ಲೇ ಇತ್ತು.
ಭತ್ತದ ಹೊಟ್ಟಿನ ಬೂದಿಯಲ್ಲೂ ಇದೇ ಇದೆಯಂತೆ,
ಅವ್ವ ನಮಗೆ ಹಲ್ಲುಜ್ಜಿಸಿದ್ದು ಅದರಲ್ಲೇ.
ಹುಲ್ಲಿನ ಅಂಚು ಬೆರಳು ಕುಯ್ಯುವುದೂ ಇದರಿಂದಲೇ ಅಂತೆ.
ಇಷ್ಟೆಲ್ಲ ನನಗೆ ನಾನೇ ಹೇಳಿಕೊಂಡೆ.
ಮುಚ್ಚಳ ಮಾತ್ರ ತಿರುಗಿಸಲಿಲ್ಲ.

ಒಂದು ಬೆಳಿಗ್ಗೆ ಇವರೇ ಚೀಟಿ ಓದಿದರು,
ಕನ್ನಡಕ ಹಣೆಗೇರಿಸಿ, ಸೀಸೆ ಮೂಗಿನ ಹತ್ತಿರ ತಂದು.
ಓಹೋ, ಅಂದರು.
ಕೆಮ್ಮಿದರು. ಕೆಮ್ಮು ಮುಗಿಯುವ ತನಕ ಇಬ್ಬರೂ ಕಾದೆವು.
ಧೂಳಾಗಿದ್ದದ್ದು ನನಗೆ ಬಂತು,
ಕರಗಿದ್ದದ್ದು ಗಿಡಕ್ಕೆ ಹೋಗಲಿ ಬಿಡು.
ಎಲ್ಲಿ, ಅಳತೆ ಏನು ಹೇಳಿದ?

ಐದು ಲೀಟರಿಗೆ ಎರಡೂವರೆ.
ಕೆಮ್ಮಿನ ಔಷಧದ ಮುಚ್ಚಳದಲ್ಲಿ ಆ ಗೆರೆ ಇದೆ;
ಕಣ್ಣ ಮಟ್ಟಕ್ಕೆ ಹಿಡಿದು ಇವರೇ ಅಳೆದರು,
ಹಳೆಯ ಕೆಲಸಗಾರ, ಒಂದು ಹನಿ ಹೆಚ್ಚಾಗಬಾರದು.
ಪರೀಕ್ಷೆ ಕಾಗದ ನೀಲಿಗೆ ತಿರುಗಿತು.
ಅಡುಗೆಮನೆಯ ವಿನೆಗರ್ ಬಿಟ್ಟೆ, ಒಂದೊಂದೇ ಹನಿ,
ಕಾಗದ ಸಮಾಧಾನ ಆಗುವ ತನಕ.

ಈಗ ಏಳನೇ ವಾರ.
ಬುಡದ ಎರಡು ಎಲೆಯಲ್ಲಿ ಬೂದಿ ಇನ್ನೂ ಇದೆ, ಸುಳ್ಳು ಹೇಳಲಾರೆ.
ಮೇಲಿನವು ಮುಟ್ಟಿದರೆ ಕರುವಿನ ನಾಲಿಗೆ, ಒರಟು.
ನಿನ್ನೆ ಸಂಜೆಯ ಗಾಳಿಗೆ
ಪಕ್ಕದ ಮನೆಯ ತಗಡು ಹಾರಿತು,
ಟೊಮೇಟೊ ತಲೆ ಆಡಿಸಿ ಸುಮ್ಮನಾಯಿತು.

ಮೊದಲ ಸೌತೆಕಾಯಿ ಕೊಯ್ದು
ಒಂಬತ್ತನೇ ಮೆಟ್ಟಿಲಿಗೆ ಇಳಿದೆ.
ಇವರು ಸೆರಗಿಗೇ ಒರೆಸಿ ಕಡಿದರು,
ಕರುಕ್ ಅಂದಿತು.
ಅರ್ಧ ತಿಂದು, ಉಸಿರು ಕೂಡಿಸಿಕೊಂಡು, ಅಂದರು:
ಎಲ್ಲ ಸರಿ.
ಒಂಚೂರು ಉಪ್ಪು ತಾರೆ.